ಹಳೇ ಸೋಲಾರ್ ಪ್ಯಾನೆಲ್, ಯುಪಿಎಸ್ ಬ್ಯಾಟರಿ ಮನೆಗೇ ಬಂದು ತಗೊಂಡ್ ಹೋಗೋ ಸರ್ವೀಸ್: ಐದಕ್ಕೆ ಮೂರೂವರೆ ಸ್ಟಾರ್

ದುಡ್ಡು ಚೆನ್ನಾಗ್ ಬರುತ್ತೆ ಅಂತ ಇವ್ರನ್ನ ಕರೆಯೋ ಯೋಚನೆ ಇದ್ರೆ ಕರೀಬೇಡಿ. ಗುಜರಿಯವ್ನು ಇವ್ರಿಗಿಂತ ಜಾಸ್ತಿ ಕೊಡ್ತಾನೆ, ಅದೂ ಕೈಗೆ ಕ್ಯಾಶು, ಅವತ್ತೇ. ಆದ್ರೆ ಗುಜರಿಯವ್ನು ಮೂಸೂ ನೋಡದೇ ಇರೋ ಸಾಮಾನು ನಿಮ್ಮ ಟೆರೇಸ್ ಮೇಲೆ ಬಿದ್ದಿದ್ರೆ, ಅಂದ್ರೆ ಬಿರುಕು ಬಿಟ್ಟ ಸೋಲಾರ್ ಪ್ಯಾನೆಲ್ಲು, ಉಬ್ಬಿರೋ ಸ್ಕೂಟರ್ ಬ್ಯಾಟರಿ, ವಾಟರ್ ಹೀಟರ್‌ದು ಗಾಜಿನ ಟ್ಯೂಬುಗಳು, ಆಗ ಇವ್ರು ಕೆಲಸಕ್ಕೆ ಬರ್ತಾರೆ. ನಾನು ಕರೆದಿದ್ದೂ ಅದಕ್ಕೇ.

ನಮ್ಮನೆ ಬೆಂಗಳೂರಿನ ಕತ್ರಿಗುಪ್ಪೆ ಕಡೆ, ಎರಡು ಮಹಡಿ, ಮೇಲೆ ಟೆರೇಸು. ಅಲ್ಲಿ 250 ವ್ಯಾಟ್‌ನ ನಾಲ್ಕು ಪ್ಯಾನೆಲ್ ಇತ್ತು, ಯುಪಿಎಸ್‌ಗೆ ಅಂತ ಮಾವ ಹಾಕ್ಸಿದ್ದು. ಒಂದರ ಮೇಲೆ ಪಕ್ಕದ ಮನೆ ತೆಂಗಿನಕಾಯಿ ಬಿದ್ದು ಇಡೀ ಗಾಜು ಜೇಡರಬಲೆ ಥರ ಆಗೋಗಿತ್ತು, ಇನ್ನೊಂದರ ಹಿಂದಿನ ಶೀಟು ಹಳದಿಯಾಗಿ ಸೀಳಿಬಿಟ್ಟು ಮಳೆ ಬಂದಾಗ ಸ್ಟ್ಯಾಂಡ್ ಮುಟ್ಟಿದ್ರೆ ಜುಂ ಅಂತಿತ್ತು. ಈಗ ಪಿಎಂ ಸೂರ್ಯ ಘರ್ ಸ್ಕೀಮ್‌ನಲ್ಲಿ 3 ಕಿಲೋವ್ಯಾಟ್ ಹೊಸದು ಹಾಕ್ಸಿದ್ವಿ, 78,000 ಸಬ್ಸಿಡಿ ಸಿಗುತ್ತಲ್ಲ ಅದು. ಹೊಸದು ಹಾಕೋಕೆ ಬಂದ ಇನ್‌ಸ್ಟಾಲರ್ ಹಳೇದನ್ನ ಬಿಚ್ಚಿ ಗೋಡೆಗೆ ಒರಗಿಸಿಟ್ಟು, 'ಇದು ನಮ್ಮ ಸ್ಕೋಪ್‌ನಲ್ಲಿ ಬರಲ್ಲ ಮೇಡಂ' ಅಂತ ಹೇಳಿ ಹೋದ. ಕೊಟೇಶನ್‌ನಲ್ಲಿ ಕೇಬಲ್ ಟೈ ತನಕ ಬರೆದಿದ್ರು, ಹಳೇದನ್ನ ಏನ್ ಮಾಡೋದು ಅನ್ನೋದು ಮಾತ್ರ ಒಂದ್ ಲೈನೂ ಇರ್ಲಿಲ್ಲ. ಹೊಸದಾಗಿ ಹಾಕ್ಸೋರು ಇದನ್ನ ಆರ್ಡರ್ ಕೊಡೋಕ್ ಮುಂಚೆನೇ ಕೇಳಿ ಬರ್ಸ್ಕೊಳ್ಳಿ.

ಪ್ಯಾನೆಲ್ ಜೊತೆಗೆ ಯುಪಿಎಸ್‌ದು ಎರಡು 150 ಎಎಚ್ ಟ್ಯೂಬುಲರ್ ಬ್ಯಾಟರಿ (ಸೀಸ, ಆಸಿಡ್ ಇರೋದು), ಸೋರ್ತಿದ್ದ ಸೋಲಾರ್ ವಾಟರ್ ಹೀಟರು, ಆಮೇಲೆ ನನ್ನ ಗಂಡನ ಹಳೇ ಎಲೆಕ್ಟ್ರಿಕ್ ಸ್ಕೂಟರ್‌ದು ಲಿಥಿಯಂ ಬ್ಯಾಟರಿ. ಬ್ಯಾಟರಿದು ಕೇಸ್ ಒಂದ್ ಕಡೆ ಉಬ್ಬಿತ್ತು. ಅದನ್ನ ಮೆಟ್ಟಿಲ ಕೆಳಗೆ ಇಟ್ಕೊಂಡು ನಿದ್ದೆ ಮಾಡೋದು ನನಗಂತೂ ಆಗ್ತಿರ್ಲಿಲ್ಲ. ಶೋರೂಮ್‌ಗೆ ಫೋನ್ ಮಾಡಿದ್ರೆ ನೀವೇ ತಂದು ಕೊಡಿ, ದುಡ್ಡೇನೂ ಬರಲ್ಲ ಅಂದ್ರು. ಉಬ್ಬಿದ ಬ್ಯಾಟರಿನ ಕಾಲ್ ಹತ್ರ ಇಟ್ಕೊಂಡು ಯಾರ್ ರೀ ಗಾಡಿ ಓಡಿಸ್ತಾರೆ.

ಗುಜರಿಯವ್ನನ್ನೂ ಕರೆದಿದ್ವಿ, ಸುಳ್ಳ್ಯಾಕೆ ಹೇಳ್ಲಿ. ಅವ್ನು ನೋಡಿದ ತಕ್ಷಣ ಲೆಕ್ಕ ಹಾಕ್ಬಿಟ್ಟ: ಟ್ಯೂಬುಲರ್ ಎರಡೂ ಬೇಕು, ವಾಟರ್ ಹೀಟರ್‌ದು ಸ್ಟೀಲ್ ಟ್ಯಾಂಕ್ ಬೇಕು, ಪ್ಯಾನೆಲ್‌ದು ಸುತ್ತ ಇರೋ ಅಲ್ಯೂಮಿನಿಯಂ ಫ್ರೇಮ್ ಬೇಕು, ಹಿಂದಿನ ಡಬ್ಬಿಯಿಂದ ಬರೋ ಕಾಪರ್ ವೈರ್ ಬೇಕು. 'ಮಿಕ್ಕಿದ್ದು?' ಅಂದ್ರೆ 'ಗ್ಲಾಸಾ? ಅದನ್ನ ನಾನ್ ಎಲ್ಲಾದ್ರೂ ಹಾಕ್ಬಿಡ್ತೀನಿ ಬಿಡಿ ಅಕ್ಕ' ಅಂದ. ಎಲ್ಲಾದ್ರೂ ಅಂದ್ರೆ ಎಲ್ಲಿ ಅಂತ ನಮ್ಮ ಏರಿಯಾದವ್ರಿಗೆ ಗೊತ್ತು, ರಿಂಗ್ ರೋಡ್ ಪಕ್ಕದ ಖಾಲಿ ಸೈಟು. ಟ್ಯೂಬುಲರ್ ಒಳಗಿನ ಸೀಸದ ಕಥೆ ಇನ್ನೂ ಕೆಟ್ಟದು, ಅದಕ್ಕೆ ಬೆಲೆ ಇರೋದ್ರಿಂದ ಬಿಸಾಕಲ್ಲ ನಿಜ, ಆದ್ರೆ ಆಸಿಡ್‌ನ ಮೋರಿಗೆ ಸುರಿದು ಸೀಸನ ಎಲ್ಲೋ ಶೆಡ್‌ನಲ್ಲಿ ಕರಗ್ಸಿದ್ರೆ ಆ ಹೊಗೆ, ಧೂಳು ಅಲ್ಲಿ ಆಡೋ ಮಕ್ಕಳ ಹೊಟ್ಟೆಗೇ ಹೋಗೋದು. ಗುಜರಿಯವ್ರನ್ನ ಬೈಯೋದಕ್ಕೆ ಇದನ್ನ ಹೇಳ್ತಿಲ್ಲ. ಜಾಲಿ ಮೊಹಲ್ಲಾ, ಗೋರಿಪಾಳ್ಯದ ಗುಜರಿ ಅಂಗಡಿಯವ್ರು ಇಲ್ದಿದ್ರೆ ಈ ಊರಿನ ಅರ್ಧ ಕಸ ಬೀದಿಯಲ್ಲೇ ಇರ್ತಿತ್ತು. ಆದ್ರೆ ಪ್ಯಾನೆಲ್ಲು, ಲಿಥಿಯಂ ಇವೆರಡು ಸುತ್ತಿಗೆ, ಸ್ಕ್ರೂಡ್ರೈವರ್‌ನಲ್ಲಿ ಮುಗಿಯೋ ಕೆಲಸ ಅಲ್ಲ.

ಬುಕಿಂಗ್ ವಿಷ್ಯಕ್ಕೆ ಬರ್ತೀನಿ. ವಾಟ್ಸಾಪ್‌ನಲ್ಲಿ ಫೋಟೋ ಕಳ್ಸಬೇಕು, ಪ್ರತಿ ಐಟಂದು ಹಿಂದಿನ ಸ್ಟಿಕ್ಕರ್ ಕಾಣೋ ಹಾಗೆ. ಫಾರ್ಮ್ ಪೂರ್ತಿ ಇಂಗ್ಲಿಷಲ್ಲಿದೆ, ಮಾವ ತುಂಬೋಕ್ ಹೋಗಿ ಸಿಟ್ಟು ಮಾಡ್ಕೊಂಡು ಫೋನ್ ನನ್ನ ಕೈಗೆ ಕೊಟ್ರು. ಫೋನ್‌ನಲ್ಲಿ ಮಾತಾಡೋ ಹುಡುಗಿ ಮಾತ್ರ ಚೆನ್ನಾಗಿ ಕನ್ನಡದಲ್ಲಿ ಹೇಳಿದ್ಳು, ಸ್ಕೂಟರ್ ಬ್ಯಾಟರಿ ಉಬ್ಬಿದೆ ಅಂದ ತಕ್ಷಣ 'ಚಾರ್ಜ್‌ಗೆ ಹಾಕ್ಬೇಡಿ, ಬಿಸಿಲಲ್ಲಿ ಇಡಬೇಡಿ, ಕಾರ್ಡ್‌ಬೋರ್ಡ್ ಬಾಕ್ಸ್ ಮೇಲೂ ಇಡಬೇಡಿ' ಅಂತ ಅವಳೇ ಹೇಳಿದ್ಳು. ಅಲ್ಲಿಗೆ ಸ್ವಲ್ಪ ನಂಬಿಕೆ ಬಂತು. ಟೈಮ್ ಮಾತ್ರ ಹೇಳಿದ ಟೈಮಲ್ಲ. ಪೀಕ್ ಅವರ್‌ನಲ್ಲಿ ಗೂಡ್ಸ್ ಗಾಡಿ ಬಿಡಲ್ಲ ಮೇಡಂ, ನಾಯಂಡಹಳ್ಳಿ ಹತ್ರ ನಿಂತಿದೀವಿ ಅಂತ ಮಧ್ಯಾಹ್ನದ ತನಕ ಕಾಯಿಸಿದ್ರು. ಪೀಕ್ ಅವರ್ ರೂಲ್ ಹೊಸದೇನಲ್ವಲ್ಲ, ಬೆಳಗ್ಗೆದು ಸ್ಲಾಟ್ ಯಾಕೆ ಕೊಡ್ತೀರ? ಅರ್ಧ ಸ್ಟಾರ್ ಇಲ್ಲೇ ಹೋಯ್ತು.

ಬಂದ ಮೇಲೆ ಕೆಲಸ ನೋಡೋ ಹಾಗಿತ್ತು. ಟಾಟಾ ಏಸ್‌ನಲ್ಲಿ ಮೂರು ಜನ, ಒಬ್ರು ಸೂಪರ್‌ವೈಸರ್, ವಯಸ್ಸಾದವ್ರು, ಗ್ಲೌಸ್ ಹಾಕ್ದೇ ಯಾರಿಗೂ ಏನೂ ಮುಟ್ಟೋಕೆ ಬಿಡ್ಲಿಲ್ಲ. ಪ್ಯಾನೆಲ್‌ಗಳಿಗೆ ಮೊದ್ಲು ಟಾರ್ಪಾಲ್ ಹೊದಿಸಿದ್ರು. ಬಿಚ್ಚಿಟ್ಟಿದ್ಯಲ್ಲ ಇನ್ನೇನು ಅಂತ ಕೇಳಿದ್ದಕ್ಕೆ, 'ಬಿಸಿಲು ಬಿದ್ದಷ್ಟು ಹೊತ್ತೂ ಇದ್ರಲ್ಲಿ ಕರೆಂಟ್ ಇರುತ್ತೆ ಮೇಡಂ, ಇದಕ್ಕೆ ಸ್ವಿಚ್ಚು ಅಂತಿಲ್ಲ, ಒಡೆದಿರೋದಂತೂ ಎಲ್ಲಿ ಹೊಡೆಯುತ್ತೆ ಅಂತ ಹೇಳೋಕಾಗಲ್ಲ' ಅಂದ್ರು. ಆಮೇಲೆ ಒಂದೊಂದನ್ನೇ ಬಿಸಿಲಿಗೆ ಹಿಡಿದು ಮೀಟರ್ ಇಟ್ಟು ವೋಲ್ಟೇಜು, ಆಂಪಿಯರ್ ಎರಡೂ ನೋಡಿ, ಸರಿ ಇದ್ದ ಎರಡರ ಹಿಂದೆ ಚಾಕ್‌ಪೀಸ್‌ನಲ್ಲಿ ಓಕೆ ಅಂತ ಬರೆದ್ರು. ಇವು ಪುಡಿ ಮಾಡೋಕಲ್ಲ, ತೋಟದ ಶೆಡ್ಡಿಗೋ ಎಲ್ಲಿಗೋ ಸೆಕೆಂಡ್ ಹ್ಯಾಂಡ್ ಹೋಗುತ್ತೆ ಅಂದ್ರು. ನನಗೆ ಅದು ಖುಷಿನೇ ಆಯ್ತು, ಓಡ್ತಿರೋದನ್ನ ಒಡೆಯೋದ್ಯಾಕೆ. ಈ ಓಕೆ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ವಾಟರ್ ಹೀಟರ್ ಬಿಚ್ಚಿದಾಗ ನಾವೆಲ್ಲಾ ಬಗ್ಗಿ ನೋಡಿದ್ವಿ. ನಮ್ಮದು ಬೋರ್ ನೀರು. ಟ್ಯಾಂಕ್ ಬಾಯಿಂದ ಬಿಳೀ ಸುಣ್ಣದ ಹಕ್ಕಳೆ ಸೇರುಗಟ್ಟಲೆ ಸುರೀತು, ಕೆಲವು ಟ್ಯೂಬ್‌ಗಳು ಬುಡದಲ್ಲಿ ಗಟ್ಟಿಯಾಗಿ ಕಟ್ಕೊಂಡು ನೀರು ಹೋಗೋಕೇ ಜಾಗ ಇರ್ಲಿಲ್ಲ. ಬಿಸಿ ನೀರು ಬರ್ತಿಲ್ಲ ಅಂತ ಬೆಸ್ಕಾಂ, ಮೋಡ, ಎಲ್ಲರನ್ನೂ ಬೈದಿದ್ದಾಗಿತ್ತು! ಹುಡುಗ ಒಬ್ಬ ಟ್ಯೂಬ್‌ಗಳನ್ನ ತಲೆಕೆಳಗೆ ಹಿಡಿದು ಎರಡು ಗುಂಪು ಮಾಡ್ತಿದ್ದ. ಏನ್ ನೋಡ್ತಿದೀರ ಅಂದೆ. 'ಬುಡ ನೋಡಿ ಅಕ್ಕ, ಕನ್ನಡಿ ಥರ ಮಿಂಚ್ತಿದ್ರೆ ಒಳಗೆ ವ್ಯಾಕ್ಯೂಮ್ ಇದೆ, ಬೆಳ್ಳಗಾಗಿದ್ರೆ ಗಾಳಿ ಹೊಕ್ಕಿದೆ, ಅದು ಸತ್ತಂಗೆ.' ಇಷ್ಟು ವರ್ಷ ಸೋಲಾರ್ ಹೀಟರ್ ಇದೆ ಅಂತ ಕರೆಂಟ್ ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆ ರಿಬೇಟು, ತಿಂಗಳಿಗೆ ಮ್ಯಾಕ್ಸಿಮಮ್ 50 ರೂಪಾಯಿ, ಅದನ್ನ ಎಣಿಸ್ತಿದ್ದ ನಮ್ಮನೆಯಲ್ಲಿ ಯಾರೂ ಆ ಬುಡ ನೋಡಿರ್ಲಿಲ್ಲ. ಮಿಂಚೋ ಟ್ಯೂಬ್‌ಗಳು ರಿಪೇರಿಯವ್ರಿಗೆ ಹೋಗುತ್ತಂತೆ, ಮಿಕ್ಕಿದ್ದು ಗಾಜಿಗೆ. ಟ್ಯಾಂಕ್ ಸುತ್ತ ಇರೋ ಹಳದಿ ಪಫ್ ಫೋಮ್‌ಗೆ ಮಾತ್ರ ಯಾರೂ ಗಿರಾಕಿ ಇಲ್ಲ, ಅದನ್ನ ಅವ್ರೇ ಮೂಟೆ ಕಟ್ಟಿ ತಗೊಂಡ್ರು. ಗುಜರಿಯವ್ನಾಗಿದ್ರೆ ಅದು ನಮ್ಮ ಟೆರೇಸ್ ಮೇಲೇ ಹಾರಾಡ್ತಿತ್ತು.

ಲಿಥಿಯಂ ಬ್ಯಾಟರಿಗೆ ಬೇರೆನೇ ಮರ್ಯಾದೆ. ಕಬ್ಬಿಣದ ಡ್ರಮ್ಮು, ಅದ್ರೊಳಗೆ ಒಣ ಮರಳು. ಟರ್ಮಿನಲ್‌ಗೆ ಇನ್ಸುಲೇಶನ್ ಟೇಪ್ ಸುತ್ತಿ ಮರಳಲ್ಲಿ ಕೂರಿಸಿ ಮೇಲೆ ಇನ್ನಷ್ಟು ಮರಳು ಹಾಕಿದ್ರು, ಒಳಗೇ ಬಿಸಿಯೇರಿ ಬೆಂಕಿ ಹತ್ತಿದ್ರೂ ಪಕ್ಕದ ಸಾಮಾನಿಗೆ ತಾಗದೇ ಇರ್ಲಿ ಅಂತ. ಸೂಪರ್‌ವೈಸರ್ ಮೊದ್ಲು ಕೇಳಿದ್ದು ಇದು ಎನ್‌ಎಂಸಿನಾ ಎಲ್‌ಎಫ್‌ಪಿನಾ ಅಂತ, ಲಿಥಿಯಂ ಬ್ಯಾಟರಿಯಲ್ಲಿ ಎರಡು ಜಾತಿ ಇವು. ಎನ್‌ಎಂಸಿ ಅಂದ್ರೆ ಒಳಗೆ ನಿಕಲ್, ಕೋಬಾಲ್ಟ್ ಇರುತ್ತೆ, ಅದನ್ನ ಪುಡಿ ಮಾಡಿದ್ರೆ ಬರೋ ಕಪ್ಪು ಪುಡಿಗೆ ಬೆಲೆ ಇದೆ, ಅದರಿಂದ ಆ ಲೋಹಗಳನ್ನ ಆಸಿಡ್‌ನಲ್ಲಿ ಕರಗಿಸಿ ವಾಪಸ್ ತೆಗೀತಾರೆ. ಎಲ್‌ಎಫ್‌ಪಿಯಲ್ಲಿ ಇರೋದು ಕಬ್ಬಿಣ, ಫಾಸ್ಫೇಟು, ಅಷ್ಟು ಗಿಟ್ಟಲ್ಲ. ನಮ್ಮದು ಎನ್‌ಎಂಸಿ. ಆದ್ರೂ ಉಬ್ಬಿದೆ ಅಂತ ಡ್ರಮ್ ಚಾರ್ಜ್ ಹಾಕಿ ಕೊನೆಗೆ ನಮಗೆ ಬಂದಿದ್ದು ಸೊನ್ನೆ. ಫೋನ್‌ನಲ್ಲಿ ಈ ಡ್ರಮ್ ಚಾರ್ಜ್ ಬಗ್ಗೆ ಮಾತೇ ಇರ್ಲಿಲ್ಲ. ಕೊಡೋಕೆ ನನಗೆ ತಕರಾರಿಲ್ಲ, ಮೊದ್ಲೇ ಹೇಳ್ಬೇಕಪ್ಪ.

ಟ್ಯೂಬುಲರ್ ಹತ್ರ ಮಾವನಿಗೂ ಸೂಪರ್‌ವೈಸರ್‌ಗೂ ಸಣ್ಣ ಯುದ್ಧ. ಇವು ಒಂದೊಂದೂ ಆಸಿಡ್ ಸಮೇತ 50 ಕೆಜಿ ಮೇಲೆ ಬರುತ್ತೆ. ಇವ್ರು ಕೆಜಿ ರೇಟ್ ಹೇಳೋವಾಗ ಆಸಿಡ್ ಸೇರಿಸಿ ತೂಕ ಹಾಕ್ತಾರಾ ಕಳೆದು ಹಾಕ್ತಾರಾ ಅಂತ ಕೇಳ್ಬೇಕು, ಎಲ್ಲಾ ವ್ಯತ್ಯಾಸ ಇಲ್ಲೇ. ಇವ್ರು ಸೇರಿಸಿನೇ ತೂಗಿದ್ರು, ರೇಟ್ ಮಾತ್ರ ಕಮ್ಮಿ. ಮಾವ ಕೇಳ್ತಾರಾ, 'ಅಲ್ಲಮ್ಮ, ಗುಜರಿಯವ್ನು ಒಂಬತ್ತು ಸಾವಿರ ಅಂದಿದ್ದ, ಇವ್ರು ಲೇಬರ್ರು, ಗಾಡಿ ಬಾಡಿಗೆ ಎಲ್ಲಾ ಕಳೆದು ಆರು ಸಾವಿರ ಚಿಲ್ಲರೆ ಅಂತಿದಾರಲ್ಲ, ನಮ್ ಸಾಮಾನು ನಾವೇ ದುಡ್ಡು ಕೊಟ್ಟು ಸಾಗಿಸಿದಂಗಾಯ್ತಲ್ಲ?' ಸೂಪರ್‌ವೈಸರ್ ನಿಧಾನಕ್ಕೆ, 'ಯಜಮಾನ್ರೇ, ಬ್ಯಾಟರಿದು ಲಾಭದಲ್ಲೇ ನಾವು ಆ ಪ್ಯಾನೆಲ್ ಹೊರಬೇಕು, ಪ್ಯಾನೆಲ್ಲು ಗುಜರಿಯವ್ರಿಗೇ ಕೊಡಿ ನೋಡೋಣ' ಅಂದ್ರು. ಮಾವನಿಗೆ ಉತ್ತರ ಹಿಡಿಸ್ಲಿಲ್ಲ, ಆದ್ರೂ ಕಾಫಿ ಕೊಡು ಅಂತ ನನಗೆ ಸನ್ನೆ ಮಾಡಿದ್ರು.

ಕಾಫಿ ಕುಡೀತಾ ಅವ್ರು ಪ್ಯಾನೆಲ್ ಲೆಕ್ಕ ಬಿಡಿಸಿ ಹೇಳಿದ್ದು ನನಗೆ ಅರ್ಥ ಆಯ್ತು. ಇಂಥ ಪ್ಯಾನೆಲ್ ಒಂದು ಸುಮಾರು 18-19 ಕೆಜಿ. ಅದ್ರಲ್ಲಿ ಮುಕ್ಕಾಲು ಭಾಗ ಬರೀ ಗಾಜು. ಫ್ರೇಮ್‌ದು ಅಲ್ಯೂಮಿನಿಯಂ ಬಿಚ್ಚೋದು ಸುಲಭ, ಅದನ್ನ ಯಾರ್ ಬೇಕಾದ್ರೂ ಮಾಡ್ತಾರೆ. ಗಾಜು, ಸಿಲಿಕಾನ್ ಸೆಲ್ಲು, ಹಿಂದಿನ ಶೀಟು ಈ ಮೂರನ್ನೂ ಇವಿಎ ಅನ್ನೋ ಅಂಟು ಹಿಡ್ಕೊಂಡಿರುತ್ತೆ, ಇಪ್ಪತ್ತೈದು ವರ್ಷ ಬಿಸಿಲು ಮಳೆಗೆ ಬಿಡಬಾರದು ಅಂತಾನೇ ಮಾಡಿರೋ ಅಂಟು ಅದು. ಬೇರೆ ಮಾಡ್ಬೇಕಂದ್ರೆ ಬಿಸಿ ಮಾಡ್ಬೇಕು, ಇಲ್ಲಾ ಕೆಮಿಕಲ್, ಇಲ್ಲಾ ಪೂರ್ತಿ ಪುಡಿ ಮಾಡಿ ಜರಡಿ ಹಿಡಿಯೋದು. ಬಯಲಲ್ಲಿ ಸುಟ್ರೆ ಹಿಂದಿನ ಶೀಟಲ್ಲಿ ಫ್ಲೋರಿನ್ ಇರೋದ್ರಿಂದ ವಿಷದ ಹೊಗೆ. ಒಳಗಿರೋ ಬೆಳ್ಳಿ ಕೆಲವೇ ಗ್ರಾಂ, ಬೆಸುಗೆಯಲ್ಲಿ ಸೀಸ ಬೇರೆ. ಇಷ್ಟೆಲ್ಲಾ ಮಾಡಿ ಕೊನೆಗೆ ಸಿಗೋದು ಜಾಸ್ತಿ ಗಾಜಿನ ಪುಡಿ ಅಂದ್ರೆ ಯಾರ್ ದುಡ್ಡು ಕೊಡ್ತಾರೆ. ಹಾಗಾಗಿ ಪ್ಯಾನೆಲ್‌ಗೆ ಸೊನ್ನೆ ಅಂದಾಗ ನಾನು ಚೌಕಾಸಿ ಮಾಡ್ಲಿಲ್ಲ. ನಮ್ಮದು ನಾಲ್ಕು ಪ್ಯಾನೆಲ್‌ಗೆ ಇಷ್ಟು ರಾಮಾಯಣ, ಪಾವಗಡದ 2,050 ಮೆಗಾವ್ಯಾಟ್ ಪಾರ್ಕಿನ ಲಕ್ಷಗಟ್ಟಲೆ ಪ್ಯಾನೆಲ್ ಒಂದಿನ ಕೆಳಗಿಳಿಯುತ್ತಲ್ಲ, ಅವತ್ತಿನ ಕಥೆ ಯೋಚಿಸಿ. ಇಂಧನ, ಪರಿಸರದ ಬಗ್ಗೆ ಅಧ್ಯಯನ ಮಾಡೋ ಸಿಇಇಡಬ್ಲ್ಯು ಸಂಸ್ಥೆ 2024ರಲ್ಲಿ ಹಾಕಿದ ಅಂದಾಜಿನಲ್ಲಿ 2030ರ ಹೊತ್ತಿಗೇ ದೇಶದಲ್ಲಿ ಸುಮಾರು 6 ಲಕ್ಷ ಟನ್ ಸೋಲಾರ್ ಕಸ, ಅದ್ರಲ್ಲಿ ದೊಡ್ಡ ಪಾಲು ಬರೋ ರಾಜ್ಯಗಳಲ್ಲಿ ನಮ್ಮದೂ ಒಂದು.

ಈಗ ಕಾಗದದ ವಿಷ್ಯ. ನಾನು ಇವ್ರನ್ನ ಆರಿಸಿದ್ದೇ ಸಾಮಾನು ರೀಸೈಕಲ್ ಮಾಡಿದೀವಿ ಅನ್ನೋ ಸರ್ಟಿಫಿಕೇಟ್ ಕೊಡ್ತಾರೆ ಅಂತ. ಅದು ಬಂತು, ಹಲವು ಸಲ ನೆನಪಿಸಿದ ಮೇಲೆ. ತೆರೆದು ನೋಡಿದ್ರೆ ಒಂದೇ ಲೈನು, ಮಿಕ್ಸೆಡ್ ಇ-ವೇಸ್ಟು, ಇಷ್ಟು ಕೆಜಿ, ಪೂರ್ತಿ ಡಿಸ್‌ಮ್ಯಾಂಟಲ್ ಮಾಡಿದೆ ಅಂತ. ಬ್ಯಾಟರಿನೂ ಅದ್ರಲ್ಲೇ, ಪ್ಯಾನೆಲ್ಲೂ ಅದ್ರಲ್ಲೇ, ಚಾಕ್‌ಪೀಸ್‌ನಲ್ಲಿ ಓಕೆ ಬರೆದ ಆ ಎರಡೂ ಪುಡಿಯಾದ ಲೆಕ್ಕದಲ್ಲೇ! ಸೆಕೆಂಡ್ ಹ್ಯಾಂಡ್ ಮಾರೋದು ತಪ್ಪಲ್ಲ ರೀ, ಮಾರಿ, ಆದ್ರೆ ಮಾರಿದ್ದನ್ನ ರೀಸೈಕಲ್ ಮಾಡಿದೀವಿ ಅಂತ ಕಾಗದದಲ್ಲಿ ಬರೆದ್ರೆ ಆ ಕಾಗದಕ್ಕೆ ಏನ್ ಬೆಲೆ. ಬ್ಯಾಟರಿನ ಇ-ವೇಸ್ಟ್ ಜೊತೆ ಕಲಸೋದೂ ಸರಿಯಲ್ಲ, ಎರಡಕ್ಕೂ ಬೇರೆ ಬೇರೆ ರೂಲ್ಸ್ ಇದೆ. ಬ್ಯಾಟರಿಗಳಿಗೆ 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ವೇಸ್ಟ್ ರೂಲ್ಸು, ಸೀಸದ್ದಾಗ್ಲಿ ಲಿಥಿಯಂದಾಗ್ಲಿ ಎಲ್ಲಾ ಅದ್ರಡಿ, ನೆಲಕ್ಕೆ ಹೂಳೋ ಹಾಗಿಲ್ಲ, ಸುಡೋ ಹಾಗಿಲ್ಲ. ಪ್ಯಾನೆಲ್‌ಗೆ ಇ-ವೇಸ್ಟ್ ರೂಲ್ಸ್ 2022, ಅದು ಜಾರಿಗೆ ಬಂದಿದ್ದು 2023ರ ಏಪ್ರಿಲ್ 1ರಿಂದ, ಸೋಲಾರ್ ಪ್ಯಾನೆಲ್‌ನ ಮೊದಲ ಸಲ ಹೆಸ್ರು ಹೇಳಿ ಸೇರಿಸಿದ್ದು ಅದ್ರಲ್ಲೇ. ತಯಾರಿಸೋ ಕಂಪನಿಗಳು 2034-35ರ ತನಕ ಬರೋ ಪ್ಯಾನೆಲ್ ವೇಸ್ಟನ್ನ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಗೈಡ್‌ಲೈನ್ ಪ್ರಕಾರ ಸ್ಟೋರ್ ಮಾಡಿಡ್ಬೇಕು ಅಂತಾನೂ ಅದ್ರಲ್ಲಿದೆ. ಇದನ್ನೆಲ್ಲಾ ವಾಟ್ಸಾಪ್‌ನಲ್ಲಿ ಬರೆದು ಕಳ್ಸಿದೆ, ಬೇರೆ ಬೇರೆ ಮಾಡಿ ಕೊಡಿ ಅಂತ.

ಜಗಳ ಆಗುತ್ತೆ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಹೊಸ ಕಾಗದ ಬಂತು. ಬ್ಯಾಟರಿ ಬೇರೆ, ಲಿಥಿಯಂ ಬೇರೆ, ಎರಡು ಪ್ಯಾನೆಲ್ ಸೀರಿಯಲ್ ನಂಬರ್ ಸಮೇತ ರೀಸೈಕ್ಲಿಂಗ್‌ಗೆ, ಎರಡು ಮರುಬಳಕೆಗೆ. ಅಂದ್ರೆ ಮಾಹಿತಿ ಇವ್ರ ಹತ್ರ ಇತ್ತು, ಕೇಳದೇ ಇರೋರಿಗೆ ಕೊಡೋ ಅಭ್ಯಾಸ ಇಲ್ಲ ಅಷ್ಟೇ. ಈ ಕಾಗದನ ಯಾರಾದ್ರೂ ಓದ್ತಾರೆ ಅಂತ ಸಹಿ ಹಾಕೋವಾಗ ಇವ್ರಿಗೆ ಅನ್ಸೇ ಇರ್ಲಿಲ್ಲ ಅನ್ಸುತ್ತೆ. ಒಂದು ಪೂರ್ತಿ ಸ್ಟಾರ್ ಇದಕ್ಕೆ ಕಟ್.

ಯಾರಿಗೆ ಈ ಸರ್ವೀಸ್ ಅಂದ್ರೆ, ಬರೀ ಟ್ಯೂಬುಲರ್ ಬ್ಯಾಟರಿ ಇರೋರಿಗಂತೂ ಬೇಡ. ಹೊಸ ಬ್ಯಾಟರಿ ತಗೊಳ್ಳೋವಾಗ ಡೀಲರ್ ಹತ್ರನೇ ಎಕ್ಸ್‌ಚೇಂಜ್ ಹಾಕಿ, ರೇಟೂ ಸಿಗುತ್ತೆ, ಅದು ಬ್ಯಾಟರಿ ಕಂಪನಿ ವಾಪಸ್ ತಗೊಂಡ ಲೆಕ್ಕದಲ್ಲೂ ಹೋಗುತ್ತೆ. ಪ್ಯಾನೆಲ್ಲು, ಲಿಥಿಯಂ ಇರೋರು ಇವ್ರನ್ನೋ ಇವ್ರಂಥ ಬೇರೆಯವ್ರನ್ನೋ ಕರೀಲೇಬೇಕು. ಊರಲ್ಲಿ ಇಂಥೋರು ಇಲ್ವೇ ಇಲ್ಲ ಅಂತಲ್ಲ, ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನೋ ಇ-ವೇಸ್ಟ್ ರೀಸೈಕ್ಲಿಂಗ್ ಕಂಪನಿ 2005ರಲ್ಲೇ ಶುರುವಾಗಿತ್ತು, ಈಗಂತೂ ಪೀಣ್ಯದಿಂದ ಬಿಡದಿ ತನಕ ಕೇಳ್ಕೊಂಡು ಹೋದ್ರೆ ಸಿಗ್ತಾರೆ. ಯಾರನ್ನೇ ಕರೆದ್ರೂ ಸಿಪಿಸಿಬಿ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿದಾರಾ ಅಂತ ನಂಬರ್ ಕೇಳಿ, ಪ್ಯಾನೆಲ್ ಹಿಂದಿನ ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಕೊಳ್ಳಿ, ಪ್ಯಾನೆಲ್‌ನ ನೀವೇ ಬಿಚ್ಚಿ ಒಡೀತೀರಾ ಬೇರೆಯವ್ರಿಗೆ ಕಳ್ಸ್ತೀರಾ ಅಂತ ಬಾಯ್ಬಿಟ್ಟು ಕೇಳಿ. ಬ್ಯಾಟರಿ ರೇಟ್ ಚೆನ್ನಾಗಿ ಹೇಳಿ ಪ್ಯಾನೆಲ್ ಮಾತು ಬಂದ ತಕ್ಷಣ ಮಾತು ತಿರುಗಿಸೋರಾದ್ರೆ ಗುಜರಿಯವ್ನೇ ವಾಸಿ, ಅವ್ನು ಕಡೇ ಪಕ್ಷ ಎಲ್ಲಾದ್ರೂ ಹಾಕ್ತೀನಿ ಅಂತ ನಿಜ ಹೇಳ್ತಾನೆ.

ಸುರುಳಿ ಮೆಟ್ಟಿಲಿರೋ ಮನೆಯವ್ರು ಮೊದ್ಲೇ ಹೇಳಿ, ಪ್ಯಾನೆಲ್ ಅದ್ರಲ್ಲಿ ಇಳಿಯಲ್ಲ, ಹಗ್ಗ ಕಟ್ಟಿ ಹೊರಗಡೆಯಿಂದ ಇಳಿಸ್ತಾರೆ, ಮಹಡಿ ಲೆಕ್ಕದಲ್ಲಿ ಚಾರ್ಜ್. ಇನ್ನೊಂದು, ಸ್ಟ್ಯಾಂಡ್ ಕಿತ್ತ ಜಾಗದ ಬೋಲ್ಟ್ ತೂತು ಇವ್ರು ಮುಚ್ಚಲ್ಲ. ಮಳೆಗಾಲಕ್ಕೆ ಮುಂಚೆ ಕರ್ಸಿ, ಅವತ್ತೇ ಮೇಸ್ತ್ರಿಗೂ ಹೇಳಿ ವಾಟರ್‌ಪ್ರೂಫಿಂಗ್ ಮಾಡ್ಸ್ಕೊಳ್ಳಿ, ನಮ್ಮ ಕೆಳಗಿನ ಮನೆ ಬಾಡಿಗೆಯವ್ರು ಆಗ್ಲೇ ಸೀಲಿಂಗ್ ತೋರ್ಸೋಕೆ ಶುರು ಮಾಡಿದಾರೆ.